ಕನ್ನಡದ ನಾಲ್ಕು

ಕೇಬಲ್ ಕೈಲಾಸನನ್ನು ಆ ಭಾನುವಾರ ನಾನು ಅಷ್ಟು ಬೈಯಬಾರದಿತ್ತು. ಆದರೆ ನನ್ನ ಸಿಟ್ಟು ನನ್ನ ಮಾತು ಕೇಳುವುದಿಲ್ಲ. ಮೂರು ದಿನದಿಂದ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಶುಕ್ರವಾರ ನನ್ನ ಪಿಎಚ್.ಡಿ.ಯ ಕೊನೆಯ ಮಂಡನೆ. ಅದೊಂದು ಮುಗಿದರೆ ಪ್ರಬಂಧ ಸಲ್ಲಿಸಬಹುದು, ಐದು ವರ್ಷದ ಕತ್ತೆ ದುಡಿತ ಮುಗಿಯುತ್ತದೆ. ಅಂಥ ಹೊತ್ತಿನಲ್ಲಿ ಎರಡು ಸಲ ದೂರು ಕೊಟ್ಟರೆ ಎರಡು ಸಲವೂ ‘ಆ ನಂಬರಿನ ಮನೆ ಇಲ್ಲ’ ಎಂದು ಮೆಸೇಜು ಬಂದಿತ್ತು. ಮೂರನೇ ಸಲ ಕೈಲಾಸನೇ ಬಂದು ಬಾಗಿಲು ತಟ್ಟಿದ.

“ಮೇಡಂ, ನೀವು ನಾಲ್ಕನೇ ಮನೆ ಅಂತ ಬರ್ಸಿದೀರ. ಇದು ಎಂಟು. ಅದಕ್ಕೇ ಕನ್‌ಫ್ಯೂಸ್ ಆಗಿರೋದು.”

“ಎಂಟು ಮನಿ ಎಲ್ಲದಾವ್ರಿ ಈ ಬಿಲ್ಡಿಂಗಿನ್ಯಾಗ? ಇರೋದೇ ಐದು.”

“ಬರ್ದಿದೆಯಲ್ಲ ಮೇಡಂ, ನೋಡಿ ಇಲ್ಲಿ.” ಅವನು ಬಾಗಿಲಿನ ಮೇಲೆ ಬೆರಳಿಟ್ಟ.

ಅಲ್ಲಿ ಕೆಂಪು ಬಣ್ಣದಲ್ಲಿ ೪ ಎಂದು ಬರೆದಿತ್ತು. ಬರೆದವರು ಈ ಮನೆಯ ಯಜಮಾನರಾದ ಬೋರಣ್ಣ. ಹೋದ ವರ್ಷ ಆಷಾಢದಲ್ಲಿ ತೀರಿಕೊಂಡರು. ಉಳಿದ ಬಾಗಿಲುಗಳಿಗೆಲ್ಲ ಬಾಡಿಗೆಯವರು ಹೊಸ ಬಣ್ಣ ಬಳಿದು ಇಂಗ್ಲಿಷ್ ಸ್ಟಿಕ್ಕರ್ ಅಂಟಿಸಿಕೊಂಡಿದ್ದರು. ಅವರ ಕೈಬರಹ ಉಳಿದಿದ್ದು ನನ್ನ ಬಾಗಿಲಿನ ಮೇಲೆ ಮಾತ್ರ. ನಾನು ಗದಗಿನ ಕಡೆಯವಳು. ಸಿಟ್ಟು ಬಂದರೆ ಐದು ವರ್ಷದಲ್ಲಿ ಕಲಿತ ಬೆಂಗಳೂರು ಕನ್ನಡವೆಲ್ಲ ಉದುರಿಹೋಗುತ್ತದೆ.

“ಕಣ್ಣು ಕಾಣಂಗಿಲ್ಲೇನ್ರಿ ನಿಮಗ? ಅದು ನಾಕು. ಕನ್ನಡದ ನಾಕು. ಮ್ಯಾಲೆ ಬಾಯಿ ತಗದೈತಿ ನೋಡ್ರಿ, ಎಂಟಾಗಿದ್ರ ಮುಚ್ಚಿರತಿತ್ತು. ಇಂಗ್ಲಿಷ್ ನೋಡಿ ನೋಡಿ ನಾಕನ್ನ ಎಂಟು ಅಂತ ಓದೋ ಮಂದಿ…”

ಅಲ್ಲಿಗೆ ನನ್ನ ಮಾತು ನಿಂತಿತು. ಕೈಲಾಸ ಬೈಗುಳದ ಉಳಿದರ್ಧಕ್ಕೆ ಕಾಯುತ್ತಾ ನಿಂತೇ ಇದ್ದ. ನಾನು ಬಾಗಿಲು ಪೂರ್ತಿ ತೆರೆದು, “ರಿಪೇರಿ ಮಾಡ್ರಿ, ನಾ ಬಂದೆ” ಎಂದು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದೆ.

ಜಯನಗರ ನಾಲ್ಕನೇ ಟಿ ಬ್ಲಾಕಿನ ಆಸ್ಪತ್ರೆಯಲ್ಲಿರುವ ನಮ್ಮ ಲ್ಯಾಬಿನ ಫ್ರೀಜರಿನಲ್ಲಿ, ಮೈನಸ್ ಎಂಬತ್ತು ಡಿಗ್ರಿ ಚಳಿಯಲ್ಲಿ, ಒಂದು ಪುಟ್ಟ ಪ್ಲಾಸ್ಟಿಕ್ ವಯಲ್ ಇತ್ತು. ಅದರ ಮುಚ್ಚಳದ ಮೇಲೆ, ಅಲ್ಲೇ ಕೆಲಸ ಮಾಡುತ್ತಿದ್ದ ಇದೇ ಬೋರಣ್ಣನವರ ಕೈಯ ಒಂದು ಅಂಕಿ. ಅದನ್ನು ನಾನು ಎಂಟು ಎಂದು ಓದಿ, ಅದರ ಮೇಲೆ ನನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನೇ ಕಟ್ಟಿದ್ದೆ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಗಾಯದಲ್ಲಿ ಕೀವು ಮಾಡುವ ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ ಇದೆ. ಅದರಲ್ಲಿ ಕೆಲವು ಔಷಧಿಗೆ ಸಾಯುತ್ತವೆ, ಕೆಲವು ಜಪ್ಪಯ್ಯ ಎಂದರೂ ಸಾಯುವುದಿಲ್ಲ. ಹಾಗೆ ಸಾಯದವುಗಳ ಮೈಮೇಲೆ ಯಾವ ಪ್ರೋಟೀನುಗಳಿವೆ, ಅವು ಹೊರಗೆ ಯಾವ ಪ್ರೋಟೀನುಗಳನ್ನು ಬಿಡುತ್ತವೆ ಎಂದು ನೋಡುವುದು ನನ್ನ ವಿಷಯ. ಮೈಮೇಲಿನವುಗಳಿಂದ ಅವು ನಮ್ಮ ಮಾಂಸಕ್ಕೆ ಅಂಟಿಕೊಳ್ಳುತ್ತವೆ, ಹೊರಗೆ ಬಿಡುವವುಗಳಿಂದ ಅದನ್ನು ಕೊಳೆಸುತ್ತವೆ. ಸೇರಿದ ಮೊದಲ ವಾರ ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದಾಗ, ಮೂಲೆಯಲ್ಲಿ ಗಾಜಿನ ಸಾಮಾನು ಒರೆಸುತ್ತಿದ್ದ ಬೋರಣ್ಣ ನಕ್ಕಿದ್ದರು.

“ಅಷ್ಟೆಲ್ಲಾ ಯಾಕಮ್ಮ ರಾಜಶ್ರೀ? ಒಬ್ಬ ಮನುಷ್ಯ ಎಂಥೋನು ಅಂತ ತಿಳ್ಕೊಳ್ಳೋಕೆ ಅವನ ಹೊಟ್ಟೆ ಕೊಯ್ತೀವಾ? ಮೈಮೇಲೆ ಏನ್ ಹಾಕ್ಕೊಂಡವ್ನೆ ನೋಡ್ತೀವಿ, ಬಾಯಿಂದ ಏನ್ ಬರ್ತದೆ ಕೇಳ್ತೀವಿ. ಇದೂ ಅಷ್ಟೇಯ.”

ಬೋರಣ್ಣ ತಾವರೆಕೆರೆ ಹಳ್ಳಿಯವರು. ಹಳ್ಳಿ ಎಂದರೆ ಈಗ ಬಿಟಿಎಂ ಲೇಔಟಿನ ಪಕ್ಕದ ಕಿರಿದಾದ ಗಲ್ಲಿಗಳು. ರಾಗಿ ಹೊಲ ಲೇಔಟಿಗೆ ಹೋದ ಮೇಲೆ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿ ಸೇರಿ, ಬಾಟಲಿ ತೊಳೆಯುತ್ತಾ ತೊಳೆಯುತ್ತಾ ಎಲ್ಲ ಕಲಿತು ಟೆಕ್ನಿಶಿಯನ್ ಆದವರು. ನಾನು ಬರುವಷ್ಟರಲ್ಲಿ ನಿವೃತ್ತರಾಗಿದ್ದರೂ ನಮ್ಮ ಗೈಡ್ ಇಂದ್ರಾಣಿ ಮೇಡಂ ಕರೆದರೆಂದು ವಾರಕ್ಕೆರಡು ದಿನ ಬರುತ್ತಿದ್ದರು. ಪಿಜಿಯ ಊಟ ಗಂಟಲಲ್ಲಿ ಇಳಿಯದೆ ನಾನು ಲ್ಯಾಬಿನಲ್ಲಿ ಕೂತು ಅತ್ತಾಗ, ಸಂಜೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತಮ್ಮದೇ ಮನೆಯ ಎರಡನೇ ಮಹಡಿಯ ಬಾಗಿಲು ತೆರೆದು, “ಇಲ್ಲಿರು” ಅಂದಿದ್ದರು. ಅವತ್ತು ರಾತ್ರಿ ಅವರ ಹೆಂಡತಿ ಮುನಿವೆಂಕಟಮ್ಮ ಬಡಿಸಿದ ಮುದ್ದೆಯನ್ನು ನಾನು ಅಗಿದು ತಿಂದಿದ್ದು ನೋಡಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ರೊಟ್ಟಿ ಊರಿನವಳಿಗೆ ಮುದ್ದೆ ನುಂಗಬೇಕು ಎಂದು ಯಾರು ಹೇಳಿಕೊಟ್ಟಿದ್ದರು?

ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಹರಡುವುದನ್ನು ಕಲಿಸಿದ್ದೂ ಅವರೇ. “ಕೈ ಹಗುರ ಇರ್ಬೇಕು, ರಂಗೋಲಿ ಎಳೆ ಬಿಟ್ಟಂಗೆ” ಅನ್ನುತ್ತಿದ್ದರು. ಒತ್ತಿ ಎಳೆದು ಪ್ಲೇಟಿನೊಳಗಿನ ಜೆಲ್ಲಿ ಸೀಳಿದರೆ ಬೈಯುತ್ತಿರಲಿಲ್ಲ, ಇನ್ನೊಂದು ಪ್ಲೇಟು ಮುಂದೆ ಸರಿಸುತ್ತಿದ್ದರು. ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಗಾಜಿನ ಕಟ್ಟಡಗಳನ್ನು ತೋರಿಸಿ, “ಇದು ನಮ್ಮ ಕಣ ಇದ್ದ ಜಾಗ, ಆ ಜಿಮ್ ಐತಲ್ಲ, ಅಲ್ಲಿ ನಮ್ಮ ಹುಣಸೆಮರ” ಅನ್ನುತ್ತಿದ್ದರು. ದಿನಾ ಅದೇ ಮಾತು. ಆಗ ನನಗೆ ಬೇಜಾರಾಗುತ್ತಿತ್ತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ. ಈಗ ಆ ಜಿಮ್ಮಿನ ಮುಂದೆ ಹಾದುಹೋಗುವಾಗೆಲ್ಲ ನನ್ನನ್ನೇ ಒಂದು ಬಿಗಿಯಬೇಕು ಅನ್ನಿಸುತ್ತದೆ.

ಇನ್ನು ಆ ವಯಲ್ಲಿನ ಕತೆ. ಇಪ್ಪತ್ತೆರಡು ವರ್ಷದ ಹಿಂದೆ ಒಂಬತ್ತು ರೋಗಿಗಳ ಗಾಯದಿಂದ ಬೋರಣ್ಣ ತಲಾ ಎರಡು ಸಲ ಬ್ಯಾಕ್ಟೀರಿಯಾ ತೆಗೆದು ಎರಡು ಡಬ್ಬಿಗಳಲ್ಲಿ ಕೂಡಿಟ್ಟಿದ್ದರು. ರೋಗಿ ಆಸ್ಪತ್ರೆಗೆ ಬಂದ ದಿನ ತೆಗೆದವು ಮೊದಲ ಡಬ್ಬಿಗೆ. ಅವು ಔಷಧಿಗೆ ಸಾಯುತ್ತಿದ್ದವು. ವಾರಗಟ್ಟಲೆ ಔಷಧಿ ಕೊಟ್ಟರೂ ಗಾಯ ಮಾಯದಿದ್ದಾಗ ತೆಗೆದವು ಎರಡನೆಯ ಡಬ್ಬಿಗೆ, ಅವು ಸಾಯುತ್ತಿರಲಿಲ್ಲ. ನಾನು ಸೇರುವ ಮುಂಚೆಯೇ ಒಮ್ಮೆ ಫ್ರೀಜರ್ ಕೆಟ್ಟು, ಮೇಲಿನ ಅರೆಯಲ್ಲಿದ್ದ ಮೊದಲ ಡಬ್ಬಿ ಕರಗಿ ಹಾಳಾಗಿತ್ತು, ತಳದ ಹಿಮದ ನಡುವೆ ಇದ್ದ ಎರಡನೆಯದು ಉಳಿದಿತ್ತು. ಅದಕ್ಕಾಗಿ ಇಂದ್ರಾಣಿ ಮೇಡಂ ಇವತ್ತಿಗೂ ಕೊರಗುತ್ತಾರೆ. ಒಂದೇ ಒಂದು ಜೋಡಿ ಉಳಿದಿದ್ದರೂ, ಅದೇ ಬ್ಯಾಕ್ಟೀರಿಯಾ ಮೊದಲು ಹೇಗಿತ್ತು, ಔಷಧಿಯನ್ನು ಎದುರಿಸಲು ಕಲಿತ ಮೇಲೆ ಹೇಗಾಯಿತು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದಿತ್ತು.

ಉಳಿದ ಎರಡನೆಯ ಡಬ್ಬಿಯಲ್ಲಿ ಒಂದರಿಂದ ಒಂಬತ್ತು, ಎಲ್ಲ ಇಂಗ್ಲಿಷ್ ಅಂಕಿಗಳು. ಎಂಟನೆಯ ಗೂಡು ಮಾತ್ರ ಖಾಲಿ. ಬೋರಣ್ಣ ತೀರಿಕೊಂಡು ಮೂರು ತಿಂಗಳಾಗಿತ್ತು. ಫ್ರೀಜರಿನ ತಳದಲ್ಲಿ ಕಟ್ಟಿದ್ದ ಹಿಮ ಕೆರೆಯುವಾಗ ನನಗೆ ಒಂಟಿ ವಯಲ್ ಸಿಕ್ಕಿತು. ಮುಚ್ಚಳ ಉಜ್ಜಿ ನೋಡಿದೆ. ಎಂಟು ಅನ್ನಿಸಿತು. ಕುಣಿದುಕೊಂಡು ಹೋಗಿ ಖಾಲಿ ಗೂಡಿಗೆ ಅದನ್ನು ನಾನೇ ಇಟ್ಟೆ.

ಬೆಳೆಸಿ ನೋಡಿದರೆ ಆಶ್ಚರ್ಯ. ಬೋರಣ್ಣನವರ ಹಳೆಯ ರಿಜಿಸ್ಟರಿನ ಪ್ರಕಾರ ಎಂಟು ಔಷಧಿಗೆ ಸಾಯಬಾರದು, ಇದು ಸತ್ತಿತು. ಮತ್ತೆ ಮಾಡಿದೆ, ಮತ್ತೆ ಸತ್ತಿತು. ಇಪ್ಪತ್ತು ವರ್ಷ ಚಳಿಯಲ್ಲಿ ಮಲಗಿ ಅದು ಕಲಿತದ್ದನ್ನೆಲ್ಲ ಮರೆತಿದೆ ಎಂದು ನಾನು ತೀರ್ಮಾನಿಸಿದೆ. ರಿಜಿಸ್ಟರಿನಲ್ಲಿ ಎಂಟಕ್ಕೆ ಬರೆದಿದ್ದಕ್ಕಿಂತ ಅದರ ಮೈಮೇಲಿನ ಪ್ರೋಟೀನುಗಳೂ ಬೇರೆ, ಹೊರಗೆ ಬಿಡುವವೂ ಬೇರೆ. ನಾನು ಅದಕ್ಕೆ ಮರೆಗುಳಿ ಎಂದು ಹೆಸರಿಟ್ಟೆ. ಮೇಡಂಗೆ ಇಷ್ಟವಾಯಿತು. ಒಂದು ಲೇಖನ ಬರೆದು ಜರ್ನಲ್ಲಿಗೂ ಕಳಿಸಿದೆವು. ನಿಜ ಹೇಳಬೇಕೆಂದರೆ ನನಗೆ ಆ ಮರೆಗುಳಿಯ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತ್ತು. ಬೋರಣ್ಣ ಇದ್ದಿದ್ದರೆ ಮುಚ್ಚಳ ತೋರಿಸಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಆ ಭಾನುವಾರ ಕೆಳಗಿಳಿದು ಬಂದಾಗ ಮುನಿವೆಂಕಟಮ್ಮ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಡಿಸೆಂಬರಿನಲ್ಲಿ ಆ ಗಲ್ಲಿಯಲ್ಲಿ ಮನೆಮನೆಗೂ ಅವರೆಕಾಯಿ ಸೊಗಡು. ನಾನು ಅವರ ಎದುರು ಕುಕ್ಕರಿಸಿದೆ.

“ಅಮ್ಮ, ಬೋರಣ್ಣ ಲ್ಯಾಬಲ್ಲಿ ಕನ್ನಡದಲ್ಲಿ ನಂಬರ್ ಬರೀತಿದ್ರಾ?”

“ಬರೀತಿದ್ರು ಕಣಮ್ಮ. ಅದೊಂದು ತಮಾಸೆ ಔರ್ದು. ನಾನು ಆಸ್ಪತ್ರೇಲಿ ಬಿದ್ದಿದ್ದಾಗ ನಗ್ಸೋಕೆ ಹೇಳೋರು.” ಅವರು ಕಾಳನ್ನು ಮೊರಕ್ಕೆ ಉದುರಿಸಿದರು. “ಹುಳ ಮೊದ್ಲು ಬಂದಾಗ ನಮ್ಮಂಗೆ ಹಳ್ಳಿ ಗುಗ್ಗು, ಒಂದು ಸೂಜಿ ಚುಚ್ಚಿದ್ರೆ ಸತ್ತೋಯ್ತದೆ. ಅದಕ್ಕೆ ಕನ್ನಡದಲ್ಲಿ ನಂಬರು. ಆಮೇಲೆ ಆಸ್ಪತ್ರೇಲೇ ಇದ್ದು, ಡಾಕ್ಟರುಗಳ ಮಾತೆಲ್ಲಾ ಕೇಳಿ ಕೇಳಿ, ಇಂಗ್ಲೀಸ್ ಕಲ್ತು ಜೋರಾಗ್ತದೆ. ಯಾವ ಔಷ್ದಿಗೂ ಬಗ್ಗಾಕಿಲ್ಲ. ಆಗ ಅದಕ್ಕೆ ಇಂಗ್ಲೀಸ್ ನಂಬರು. ನಿಂಗೂ ಹಂಗೇ ಅನ್ನೋರಲ್ಲ, ಬಂದಾಗ ‘ಹೌದ್ರೀ’ ಅಂತಿದ್ಳು, ಈಗ ‘ಓಕೆ ಸಾರ್’ ಅಂತಾಳೆ ಅಂತ.”

ಅವರು ಇನ್ನೂ ಏನೋ ಹೇಳುತ್ತಿದ್ದರು, ನನಗೆ ಅರ್ಧವೂ ಕೇಳಿಸಲಿಲ್ಲ. ಮೊದಲ ಡಬ್ಬಿಯೆಲ್ಲ ಕನ್ನಡ, ಎರಡನೆಯದೆಲ್ಲ ಇಂಗ್ಲಿಷ್. ಅಂದರೆ ನನ್ನ ಮರೆಗುಳಿ ಏನನ್ನೂ ಮರೆತಿರಲಿಲ್ಲ, ಏಕೆಂದರೆ ಅದು ಏನನ್ನೂ ಕಲಿತೇ ಇರಲಿಲ್ಲ. ಅದು ಹಾಳಾದ ಮೊದಲ ಡಬ್ಬಿಯಿಂದ ಹೇಗೋ ಜಾರಿ ತಳಕ್ಕೆ ಬಿದ್ದು ಉಳಿದುಕೊಂಡಿದ್ದ ನಾಲ್ಕನೇ ರೋಗಿಯ ಬ್ಯಾಕ್ಟೀರಿಯಾ. ಬಾಗಿಲ ಮೇಲಿನ ನಾಲ್ಕನ್ನು ದಿನಾ ಸರಿಯಾಗಿ ಓದುತ್ತಿದ್ದ ಕಣ್ಣು ಲ್ಯಾಬಿಗೆ ಹೋದ ಕೂಡಲೇ ಇಂಗ್ಲಿಷ್ ಕಣ್ಣಾಗಿತ್ತು. ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಕೈಲಾಸನಿಗೆ ಅಂದ ಒಂದೊಂದು ಮಾತೂ ನನಗೇ ಸಲ್ಲಬೇಕಾಗಿತ್ತು.

ಆದರೂ ಅನುಮಾನದ ಮೇಲೆ ಏನೂ ಹೇಳುವಂತಿರಲಿಲ್ಲ. ಅವತ್ತೇ ಸಂಜೆ ಲ್ಯಾಬಿಗೆ ಹೋಗಿ ಡಬ್ಬಿಯಲ್ಲಿದ್ದ ಇಂಗ್ಲಿಷ್ ನಾಲ್ಕನ್ನೂ ನನ್ನ ‘ಎಂಟ’ನ್ನೂ ಬೇರೆಬೇರೆ ಬಾಟಲಿಗಳಲ್ಲಿ ಬೆಳೆಯಲು ಇಟ್ಟೆ. ಸೋಮವಾರ ನನ್ನ ಜೂನಿಯರ್ ದಿನೇಶ ಕೈಜೋಡಿಸಿದ. ಶ್ರೀನಗರದ ಹುಡುಗ, ಬಾಯಿ ಜಾಸ್ತಿ, ಆದರೆ ಕೈ ಶುದ್ಧ. ಬ್ಯಾಕ್ಟೀರಿಯಾ ಬೆಳೆದ ಸಾರನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಯಲ್ಲಿ ಅವು ಹೊರಗೆ ಬಿಟ್ಟ ಪ್ರೋಟೀನುಗಳನ್ನು ತೆಗೆದು, ಗಾತ್ರದ ಪ್ರಕಾರ ಬೇರೆಬೇರೆ ಗೆರೆಗಳಾಗಿ ನಿಲ್ಲಲೆಂದು ಜೆಲ್ ಮೇಲೆ ಓಡಿಸಿದೆವು. ಎರಡನ್ನೂ ಪಕ್ಕಪಕ್ಕದಲ್ಲಿ. ಹೀಗೆ ಪಕ್ಕದಲ್ಲಿಡಬೇಕು ಎಂದು ಒಂದು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಜೆಲ್ಲಿನ ಬಣ್ಣ ತೊಳೆದಾಗ ನೀಲಿ ಗೆರೆಗಳು ಕಂಡವು. ಎರಡು ಸಾಲುಗಳಲ್ಲೂ ಗೆರೆಗಳು ಒಂದೇ ಎತ್ತರದಲ್ಲಿದ್ದವು. ಇಂಗ್ಲಿಷ್ ನಾಲ್ಕರಲ್ಲಿ ಎರಡು ಗೆರೆ ಹೆಚ್ಚಿದ್ದವು, ಒಂದು ಮಸುಕಾಗಿತ್ತು. ಒಡಹುಟ್ಟಿದವು ಎಂದು ಹೇಳಲು ಅಷ್ಟು ಸಾಕಿತ್ತು.

ದಿನೇಶ ಟ್ರೇ ಹಿಡಿದುಕೊಂಡು ಬೆಳಕಿಗೆ ಎತ್ತಿ ನೋಡಿದ. “ಗುರು, ಯಾರಿಗೂ ಹೇಳ್ಬೇಡ. ಶುಕ್ರವಾರ ಮುಗಿಸ್ಕೋ. ಆ ಚಾಪ್ಟರ್ ಸಖತ್ತಾಗಿದೆ, ಮುಚ್ಚಳ ಯಾರು ಬಂದು ನೋಡ್ತಾರೆ?”

“ನಾ ನೋಡೇನಲ್ಲೋ.”

“ನೀನ್ ನೋಡಿದ್ದು ಎಂಟು ಅಂತ್ಲೇ ಇಟ್ಕೋ.”

ಒಂದು ಗಂಟೆ ಹೊತ್ತು ನಾನು ಹಾಗೇ ಇಟ್ಟುಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಶುಕ್ರವಾರ ಮುಗಿಯುತ್ತದೆ, ಊರಿಗೆ ಫೋನು ಮಾಡಿ ಅವ್ವನಿಗೆ ಹೇಳುತ್ತೇನೆ, ಹೆಸರಿನ ಹಿಂದೆ ಡಾಕ್ಟರ್ ಬರುತ್ತದೆ. ನನ್ನ ಓದು ಮುಗಿಯಲೆಂದು ತಂಗಿಯ ಮದುವೆಯೂ ನಿಂತಿತ್ತು. ಆಮೇಲೆ ಮೂಲೆಯಲ್ಲಿದ್ದ ಬೋರಣ್ಣನವರ ಸ್ಟೂಲು ಕಣ್ಣಿಗೆ ಬಿತ್ತು. ನಾಲ್ಕು ಗಂಟೆಯ ಚಹಾಕ್ಕೆ ಅದರ ಮೇಲೆ ಕೂತು, ಅವತ್ತಿನ ಪ್ಲೇಟುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಹಾಳಾದದ್ದನ್ನು ಹಾಳಾಗಿದೆ ಎಂದಷ್ಟೇ ಬರೆಯುತ್ತಿದ್ದರು. ಯಾರು ಹಾಳು ಮಾಡಿದರೆಂದು ಬರೆಯುತ್ತಿರಲಿಲ್ಲ. ಅಳು ಬಂತು, ಎದ್ದು ಮೇಡಂ ರೂಮಿಗೆ ಹೋದೆ.

ಇಂದ್ರಾಣಿ ಮೇಡಂ ಪೂರ್ತಿ ಕೇಳಿದರು. ಜೆಲ್ಲಿನ ಫೋಟೋ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದು ನಾನು ಕಾದೆ, ಬೈದಿದ್ದರೆ ಸಲೀಸಾಗಿರುತ್ತಿತ್ತು.

“ಲೇಖನ ವಾಪಸ್ ತಗೋಬೇಕು,” ಅಂದರು. “ಶುಕ್ರವಾರದ್ದು ಆಗಲ್ಲ ರಾಜಶ್ರೀ. ಮೂರನೇ ಚಾಪ್ಟರ್ ಪೂರ್ತಿ ಹೋಯ್ತು. ಇನ್ನೊಂದು ಎಂಟು ತಿಂಗಳಾದ್ರೂ ಬೇಕು.”

“ಗೊತ್ತು ಮೇಡಂ.”

“ಬೋರಣ್ಣ ಯಾಕೆ ಹಾಗೆ ಬರೀತಿದ್ರು ಅಂತ ನಾನೂ ಒಂದು ದಿನ ಕೇಳ್ಲಿಲ್ಲ ನೋಡು. ಇಪ್ಪತ್ತು ವರ್ಷ ಒಟ್ಟಿಗಿದ್ವಿ.” ಅವರು ಕಿಟಕಿಯಾಚೆ ನೋಡಿದರು. ಆಮೇಲೆ ದನಿ ಬದಲಾಯಿತು. “ಆದ್ರೆ ಜೋಡಿ ಸಿಕ್ತಲ್ಲ. ನಾಲ್ಕರ ಜೋಡಿ. ಹಾಳಾಯ್ತು ಅಂದ್ಕೊಂಡಿದ್ದು.”

ಸಿಕ್ಕಿತ್ತು, ನಿಜ. ಆದರೆ ಒಂದು ತೊಡಕಿತ್ತು. ಮೊದಲ ಡಬ್ಬಿ ಹಾಳಾಗಿದೆ ಎಂದು ಆಸ್ಪತ್ರೆಯ ಕಮಿಟಿಗೆ ಯಾವಾಗಲೋ ಬರೆದುಕೊಟ್ಟಿದ್ದರು. ಅದರ ಅನುಮತಿ ರದ್ದಾಗಿತ್ತು. ಈಗಿನ ನಿಯಮದಂತೆ ರೋಗಿ ಬದುಕಿದ್ದರೆ ಹೊಸದಾಗಿ ಒಪ್ಪಿಗೆ ಪತ್ರ ಬೇಕು. ರಿಜಿಸ್ಟರಿನಲ್ಲಿ ಹೆಸರುಗಳಿರಲಿಲ್ಲ, ಬರೀ ನಂಬರು. ಎಷ್ಟನೇ ನಂಬರು ಯಾರು ಎಂದು ಗೊತ್ತಿದ್ದವರು ಬೋರಣ್ಣ ಒಬ್ಬರೇ. ನಾಲ್ಕನೇ ರೋಗಿ ಸಿಗದಿದ್ದರೆ ಆ ವಯಲ್ ಫ್ರೀಜರಿನಲ್ಲೇ ಕೂತಿರಬೇಕು, ನನ್ನ ಪ್ರಬಂಧವೂ ಅದರ ಜೊತೆಗೆ.

ಸಂಜೆ ಮನೆಗೆ ಬಂದಾಗ ಮುನಿವೆಂಕಟಮ್ಮ ಅವರೆಕಾಳು ನೆನೆಹಾಕಿ ಹಿತುಕುತ್ತಿದ್ದರು. ನನ್ನ ಮುಖ ನೋಡಿ, “ಬಾ ಇಲ್ಲಿ, ಕೂತ್ಕೊ, ಎರಡು ಕಾಳು ಹಿತುಕು, ಮನಸು ಹಗುರ ಆಯ್ತದೆ” ಅಂದರು. ಹಿತುಕುತ್ತಾ ಎಲ್ಲ ಹೇಳಿದೆ. ನಾಲ್ಕನ್ನು ಎಂಟೆಂದು ಓದಿದ್ದು, ಅಧ್ಯಾಯ ಹೋಗಿದ್ದು, ಶುಕ್ರವಾರ ತಪ್ಪಿದ್ದು. “ಆ ನಾಲ್ಕನೇ ನಂಬರಿನ ರೋಗಿ ಸಿಕ್ಕಿದ್ರೆ ಬದ್ಕೊಳ್ತೀನಿ ಅಮ್ಮ. ಇಪ್ಪತ್ತೆರಡು ವರ್ಷ ಆಯ್ತು, ಇದಾರೋ ಇಲ್ವೋ, ಎಲ್ಲಿದಾರೋ.”

ಅವರ ಕೈ ನಿಂತಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೀರೆಯ ಅಂಚನ್ನು ಮೊಣಕಾಲಿನವರೆಗೆ ಎತ್ತಿದರು. ಎಡಗಾಲಿನ ಮೀನಖಂಡದ ಉದ್ದಕ್ಕೂ ಒಂದು ಹಳೆಯ ಗಾಯದ ಗುರುತು, ಅಂಗೈ ಅಗಲ, ಹೊಳೆಯುವ ಚರ್ಮ.

“ಇಲ್ಲೇ ಅವ್ಳೆ ಕಣಮ್ಮ,” ಅಂದರು.

ನನ್ನ ಕೈಯಲ್ಲಿದ್ದ ಕಾಳು ಸಿಪ್ಪೆಯಿಂದ ಜಾರಿ ಎಲ್ಲಿಗೋ ಹೋಯಿತು.

“ಆಗಿನ್ನೂ ಹಸ ಇತ್ತು ನಮ್ದು. ಮಡಿವಾಳ ಕೆರೆ ತಾವ ಹುಲ್ಲು ಕೊಯ್ಯೋಕೆ ಹೋಗಿದ್ದೆ, ಕುಡುಗೋಲು ಬಡಿದುಬಿಡ್ತು. ನಲವತ್ತೆರಡು ದಿನ ಆಸ್ಪತ್ರೇಲಿದ್ದೆ. ಕಾಲು ತೆಗೀಬೇಕು ಅಂದ್ಬಿಟ್ಟಿದ್ರು. ಬೇರೆ ಯಾರು ಮುಟ್ಟಿದ್ರೂ ನಾನು ಕಿರುಚ್ಕೊತೀನಿ ಅಂತ ಔರೇ ಬಂದು ಹತ್ತಿ ಕಡ್ಡಿ ಇಡೋರು. ಊದ್ತಾ ಊದ್ತಾ ಇಡೋರು. ಹೆಂಡ್ತಿ ಅಂತ ಪುಸ್ತಕದಲ್ಲಿ ಬರೀಬಾರ್ದಂತೆ, ಅದಕ್ಕೆ ನಾಲ್ಕು ಅಂತ ಬರ್ಕೊಂಡ್ರು. ನಾಲ್ಕಮ್ಮ ಅಂತ ಕರೆಯೋರು ನನ್ನ, ಯಾರೂ ಇಲ್ದಾಗ.” ಅವರು ನಕ್ಕರು, ನಗು ಪೂರ್ತಿಯಾಗಲಿಲ್ಲ. “ಅವು ಇನ್ನೂ ಬದುಕವಾ?”

“ಬದುಕಿವೆ ಅಮ್ಮ.”

“ಆವತ್ತಿನವೇಯಾ?”

“ಆವತ್ತಿನವೇ.”

ಅವರು ಸೀರೆಯ ಅಂಚನ್ನು ಕೆಳಗಿಳಿಸಿದರು. “ಮನೇಲಿ ಒಂದು ಸಾಮಾನು ನೆಟ್ಟಗೆ ಎತ್ತಿಡ್ತಿರಲಿಲ್ಲ ಕಣಮ್ಮ ಔರು. ನಮ್ಮ ಮದುವೆ ಫೋಟೋನೂ ಗೆದ್ದಲು ತಿನ್ನಿಸಿಬಿಟ್ರು. ಇದನ್ನ ಎತ್ತಿಟ್ಟವ್ರೆ ನೋಡು.”

ನಾನು ಒಪ್ಪಿಗೆ ಪತ್ರದ ವಿಷಯ ಹೇಳಿದೆ. ಅವರು ತಕ್ಷಣ ಹೂಂ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

“ನೀವು ತೆಗೆದು ಎಲ್ಲಾ ಖರ್ಚು ಮಾಡ್ಬಿಟ್ರೆ? ಔರು ಇಟ್ಟಿದ್ದು ಅದೊಂದೇ.”

ಖರ್ಚಾಗುವುದೇ ಇಲ್ಲ ಎಂದು ಹೇಳಿಬಿಡಬಹುದಿತ್ತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಮೇಲಿಂದ ಸೂಜಿಮೊನೆಯಷ್ಟು ಕೆರೆದು ಬೆಳೆಸುತ್ತೇವೆ, ಅದರ ಮರಿಗಳನ್ನು ಹೊಸ ವಯಲ್ಲುಗಳಲ್ಲಿ ಇಡುತ್ತೇವೆ, ಆದರೆ ಬೋರಣ್ಣ ಇಟ್ಟ ಹಳೆಯದು ಪ್ರತಿ ಸಲ ತೆರೆದಾಗಲೂ ಸ್ವಲ್ಪ ಕಡಿಮೆಯಾಗುತ್ತದೆ ಎಂದೆ. ನನ್ನ ಓದು ಅದರ ಮೇಲೆಯೇ ನಿಂತಿದೆ ಎಂಬುದನ್ನೂ ಹೇಳಿದೆ. ಬೇಡ ಎಂದರೆ ಮುಟ್ಟುವುದಿಲ್ಲ ಎಂದೂ ಹೇಳಿದೆ.

“ಮೊದ್ಲು ನನ್ನ ಕಣ್ಣಿಗೆ ತೋರ್ಸು. ಆಮೇಲೆ ಹೇಳ್ತೀನಿ,” ಅಂದು ಅವರು ಮತ್ತೆ ಕಾಳು ಹಿತುಕತೊಡಗಿದರು.

ಶುಕ್ರವಾರ, ನಾನು ಮಂಡನೆಗೆಂದು ಎತ್ತಿಟ್ಟಿದ್ದ ಸೀರೆ ಬೀರುವಿನಲ್ಲೇ ಉಳಿಯಿತು. ಮುನಿವೆಂಕಟಮ್ಮ ತಮ್ಮ ಒಳ್ಳೆಯ ಸೀರೆ ಉಟ್ಟು, ಬೋರಣ್ಣ ಹೋದ ಮೇಲೆ ಮೊದಲ ಸಲ, ಮಲ್ಲಿಗೆ ಸಿಗಲಿಲ್ಲವೆಂದು ಸೇವಂತಿಗೆ ಮುಡಿದು, ಡಬ್ಬಿಯಲ್ಲಿ ಮೇಡಂಗೆಂದು ಹಿತುಕಿದ ಬೇಳೆ ಸಾರು ತುಂಬಿಕೊಂಡು ಆಟೋ ಹತ್ತಿದರು. ಜಯನಗರದ ಮರಗಳ ಕೆಳಗೆ ಆಟೋ ಹೋಗುವಾಗ, “ನಲವತ್ತೆರಡು ದಿನ ಸಾಯಂಕಾಲ ಔರು ಇದೇ ದಾರೀಲಿ ಸೈಕಲ್ ತುಳ್ಕೊಂಡು ಮನೆಗೆ ಹೋಗಿ ಹಸ ಕರೆದು, ಮತ್ತೆ ವಾಪಸ್ ಬರೋರು” ಅಂದರು. ಈ ಸಲ ನಾನು ಇಯರ್‌ಫೋನ್ ಹಾಕಿಕೊಳ್ಳಲಿಲ್ಲ.

ಲ್ಯಾಬಿನಲ್ಲಿ ಮೇಡಂ ಎದ್ದು ನಿಂತು ಅವರ ಕೈಹಿಡಿದುಕೊಂಡರು. ನಾನು ದಪ್ಪ ಕೈಗವಸು ಹಾಕಿ ಫ್ರೀಜರ್ ತೆರೆದೆ. ಬಿಳಿ ಹೊಗೆ ನೆಲಕ್ಕಿಳಿಯಿತು. ಎಂಟನೆಯ ಗೂಡಿನಿಂದ ವಯಲ್ ತೆಗೆದು, ಮುಚ್ಚಳದ ಹಿಮವನ್ನು ಹೆಬ್ಬೆರಳಿನಿಂದ ಉಜ್ಜಿ, ಅವರ ಕಣ್ಣಿನ ಮುಂದೆ ಹಿಡಿದೆ.

“ಮುಟ್ಟಬೇಡಿ ಅಮ್ಮ, ಕೈ ಸುಡುತ್ತೆ.”

ಅವರು ಮುಟ್ಟಲಿಲ್ಲ. ಬಗ್ಗಿ ನೋಡಿದರು. ನೀಲಿ ಮಸಿಯ ಪುಟ್ಟ ೪.

“ಔರ್ದೇ ಕೈ,” ಅಂದರು. “ನಂಗೆ ಅಕ್ಸರ ಬರಾಕಿಲ್ಲ. ಅಂಕಿ ಮಾತ್ರ ಬರ್ತದೆ. ಆಸ್ಪತ್ರೆ ಮಂಚದ ಮೇಲೆ ಔರೇ ಹೇಳ್ಕೊಟ್ರು, ಹೊತ್ತು ಹೋಗ್ಲಿ ಅಂತ. ಒಂದ್ರಿಂದ ನಾಲ್ಕರವರೆಗೂ ಬರೆದೆ, ಕಾಲು ವಾಸಿಯಾಯ್ತು, ಮನೆಗೆ ಬಂದ್ಬಿಟ್ವಿ.” ಆಮೇಲೆ ವಯಲ್ಲಿನ ಕಡೆಗೇ ನೋಡುತ್ತಾ, “ತಗೋ, ಏನ್ ಮಾಡ್ಕೊತೀಯೋ ಮಾಡ್ಕೊ. ಮಗು ಓದ್ಲಿ” ಅಂದರು. ಆ ಕೊನೆಯ ಮಾತು ನನಗೆ ಹೇಳಿದ್ದಲ್ಲ, ಆ ಅಂಕಿ ಬರೆದವರಿಗೆ.

ವಯಲ್ಲನ್ನು ಕರಗದಂತೆ ಡ್ರೈ ಐಸ್ ಪೆಟ್ಟಿಗೆಯಲ್ಲಿಟ್ಟು ನಾನು ಫ್ರೀಜರ್ ಮುಚ್ಚಿದೆ. ಮೇಡಂ ಪತ್ರವನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳಿದರು. ಸಹಿಯ ಜಾಗದಲ್ಲಿ ಅವರು ಹೆಬ್ಬೆಟ್ಟು ಒತ್ತಿದರು. ಅದರ ಮೇಲೆ ‘ಮಾದರಿಯ ಸಂಖ್ಯೆ’ ಎಂಬ ಚೌಕ ಖಾಲಿಯಿತ್ತು. ತುಂಬಲು ನಾನು ಪೆನ್ನೆತ್ತಿದಾಗ ಅವರು ಕೈಚಾಚಿ, “ಇದು ನಂಗೆ ಬರ್ತದೆ” ಎಂದು ಪೆನ್ನು ತೆಗೆದುಕೊಂಡರು. ತುಟಿ ಕಚ್ಚಿಕೊಂಡು ನಿಧಾನವಾಗಿ ಬರೆದರು. ಮೇಲಿನ ಬಾಯಿ ಕೂಡಿಕೊಂಡುಬಿಟ್ಟಿತು. ನೋಡಿದವರು ಯಾರೇ ಆದರೂ ಎಂಟು ಅಂತಲೇ ಓದಬೇಕು.

“ಅಮ್ಮ, ಮೇಲೆ ಸ್ವಲ್ಪ ಬಾಯಿ ಬಿಡಿಸಿ ಬರೀರಿ. ಎಂಟು ಅಂದ್ಕೋತಾರೆ.”

ಅವರು ಪೆನ್ನನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು.

“ನಿಂಗೆ ಗೊತ್ತೈತಲ್ಲ,” ಅಂದರು.

ನಾನು ಮುಖ ತಿರುಗಿಸಿಕೊಂಡು ಹೋಗಿ ಫ್ರೀಜರ್ ತೆರೆದೆ. ವಯಲ್ಲನ್ನು ಎಂಟನೆಯ ಗೂಡಿಗೆ ಇಡಲಿಲ್ಲ. ಇಂಗ್ಲಿಷ್ ನಾಲ್ಕನ್ನು ಒಂದಿಷ್ಟು ಪಕ್ಕಕ್ಕೆ ಒತ್ತರಿಸಿ, ಕನ್ನಡದ ನಾಲ್ಕನ್ನು ಅದರ ಮಗ್ಗುಲಲ್ಲಿ ಇಟ್ಟೆ. ಬಾಗಿಲು ಮುಚ್ಚಲು ಮರೆತು ಎಷ್ಟು ಹೊತ್ತು ನಿಂತಿದ್ದೆನೋ, ಫ್ರೀಜರ್ ಕೂಗಿಕೊಳ್ಳತೊಡಗಿತು. ದಿನೇಶ ಬಂದು ಬಾಗಿಲು ಹಾಕಿದ.